ಕಂಚಿನ ವಾಚು: ಮುಖದ ಬಣ್ಣ ಬಿಡಿ, ಬೆನ್ನು ಮತ್ತು ಕ್ರೌನ್ ನೋಡಿಕೊಳ್ಳಿ

ಅಂಗಡಿಯಲ್ಲಿ ಕಂಡ ಹೊಳಪು ಹಾಗೇ ಉಳಿಯಬೇಕು ಅನ್ನುವವರು ಕಂಚಿನ ವಾಚಿನ ತಂಟೆಗೆ ಹೋಗಬೇಡಿ. ಡಬ್ಬಿಯಿಂದ ತೆಗೆದಾಗಿನ ನಸುಗೆಂಪು ಬಂಗಾರದ ಬಣ್ಣ ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಒಂದೆರಡು ವಾರ ಬಾಳಿದರೆ ಹೆಚ್ಚು. ಆಮೇಲೆ ಜೇನಿನ ಬಣ್ಣ, ತಿಂಗಳುಗಳು ಕಳೆದಂತೆ ಕಂದು, ಸಂದುಗಳಲ್ಲಿ ಕಪ್ಪು, ಬೆವರು ನಿಲ್ಲುವಲ್ಲಿ ಹಸಿರು. ಇದು ದೋಷವಲ್ಲ, ಇದಕ್ಕೇ ದುಡ್ಡು ಕೊಟ್ಟಿರುವುದು.

ಈ ವಿಮರ್ಶೆ 42 ಮಿ.ಮೀ. ಅಗಲದ, 200 ಮೀಟರ್ ನೀರುತಡೆ ಇರುವ, ಒಳಗೆ ಸೈಕೋದ ಎನ್‌ಎಚ್35 ಯಂತ್ರ ಕೂತಿರುವ ಸಾಧಾರಣ ಬೆಲೆಯ ಡೈವರ್ ವಾಚುಗಳ ಕುರಿತದ್ದು. ದುಬಾರಿ ಕಂಪನಿಗಳಲ್ಲಿ ಪನೆರಾಯ್ 2011ರಲ್ಲಿ 1000 ಕಂಚಿನ ವಾಚು ಬಿಟ್ಟ ಮೇಲೆ ಈ ಗೀಳು ಜೋರಾಯಿತು. 2016ರಲ್ಲಿ ಟ್ಯೂಡರ್ ಕೂಡ ಬಂತು. ಲೋಹದ ಗುಣ ಮಾತ್ರ ಬೆಲೆ ನೋಡಿ ಬದಲಾಗುವುದಿಲ್ಲ.

ಕೊಳ್ಳುವ ಮುಂಚೆ ಯಾವ ಕಂಚು ಅಂತ ಕೇಳಿ. ಸಿಯುಎಸ್‌ಎನ್8 ಅಂದರೆ ಸುಮಾರು 92 ಭಾಗ ತಾಮ್ರ, 8 ಭಾಗ ತವರ. ಬಣ್ಣ ಬೇಗ ತಿರುಗುತ್ತದೆ, ಗಾಢವಾಗಿಯೂ ತಿರುಗುತ್ತದೆ. ಸ್ಟೀಲಿಗಿಂತ ಇದರ ಸಾಂದ್ರತೆ ಹತ್ತು ಪರ್ಸೆಂಟಿನಷ್ಟು ಹೆಚ್ಚಿರುವುದರಿಂದ ಕೈಗೆ ಭಾರ ಗೊತ್ತಾಗುತ್ತದೆ. ಟ್ಯೂಡರ್ ಬಳಸಿದ್ದು ಅಲ್ಯೂಮಿನಿಯಂ ಕಂಚು. ಅದು ನಿಧಾನ, ಹಸಿರಾಗುವುದು ಕಡಿಮೆ, ಹೆಚ್ಚು ಕಾಲ ಬಂಗಾರದ ಬಣ್ಣದಲ್ಲೇ ಇರುತ್ತದೆ, ತೂಕ ಸ್ಟೀಲಿನ ಆಸುಪಾಸು. ಬೆವರು ಜಾಸ್ತಿ ಇರುವವರಿಗೆ ಎರಡನೆಯದೇ ವಾಸಿ. ಇನ್ನು ಆನ್‌ಲೈನ್‌ನಲ್ಲಿ ‘ಬ್ರಾಂಜ್ ಟೋನ್’, ‘ಬ್ರಾಂಜ್ ಕಲರ್’ ಅಂತ ಬರೆದಿದ್ದರೆ ಅದು ಬಣ್ಣದ ಲೇಪ ಕೊಟ್ಟ ಸ್ಟೀಲು. ಎಷ್ಟು ವರ್ಷ ಕಟ್ಟಿದರೂ ಕಂದಾಗುವುದಿಲ್ಲ, ಲೇಪ ಸವೆದು ಬೆಳ್ಳಗಾಗುತ್ತದೆ. ಹಿತ್ತಾಳೆಯನ್ನೇ ಕಂಚು ಅಂತ ದಾಟಿಸುವವರೂ ಇದ್ದಾರೆ. ಲೋಹದ ದರ್ಜೆ ಬರೆಯದ ವಾಚನ್ನು ಬಿಟ್ಟುಬಿಡಿ.

ಹಿಂದಿನ ಮುಚ್ಚಳ ಸ್ಟೀಲಿನದೋ ಟೈಟಾನಿಯಂನದೋ ಆಗಿರಬೇಕು. ಕಂಚು ನೇರವಾಗಿ ಚರ್ಮಕ್ಕೆ ತಾಗಿದರೆ ಬೆವರಿನ ಉಪ್ಪು, ಆಮ್ಲ ಸೇರಿ ಮಣಿಕಟ್ಟು ಹಸಿರಾಗುತ್ತದೆ. ಅಪಾಯವಿಲ್ಲ, ಸೋಪು ಹಚ್ಚಿದರೆ ಹೋಗುತ್ತದೆ, ಬಿಳಿ ಅಂಗಿಯ ತೋಳಿಗೆ ಹತ್ತಿದರೆ ಮಾತ್ರ ರೇಜಿಗೆ. ಮುಚ್ಚಳ ಸ್ಟೀಲಿನದಾದರೂ ಅದರ ಸುತ್ತಲಿನ ಅಂಚು ಕಂಚೇ ಆಗಿರುವುದರಿಂದ ಬೇಸಿಗೆಯಲ್ಲಿ ಮಣಿಕಟ್ಟಿನ ಮೇಲೆ ಹಸಿರು ಬಳೆಯಂತೆ ಗೆರೆ ಬೀಳುವುದುಂಟು. ಬೆಲ್ಟನ್ನು ಒಂದು ತೂತು ಸಡಿಲ ಮಾಡಿದರೆ ಅರ್ಧ ಕಡಿಮೆಯಾಗುತ್ತದೆ. ನಿಕಲ್ ಆಗದ ಚರ್ಮದವರು ಟೈಟಾನಿಯಂ ಮುಚ್ಚಳವನ್ನೇ ಕೇಳಿ ಪಡೆಯಬೇಕು.

ನಮ್ಮ ಕಡೆ ಮಳೆ ಕಡಿಮೆ, ಕಡಲು ದೂರ. ಹಾಗಾಗಿ ಮಂಗಳೂರಿನವರ ವಾಚಿನಂತೆ ಮೈತುಂಬ ಹಸಿರಾಗುವುದಿಲ್ಲ, ಒಣ ಕಂದು ಬಣ್ಣವೇ ಮೇಲುಗೈ. (ಇಂಗಳದಾಳಿನ ತಾಮ್ರದ ಗಣಿ ಕಂಡಿರುವ ಚಿತ್ರದುರ್ಗದವರಿಗೆ ತಾಮ್ರ ಹಸಿರಾಗುವುದನ್ನು ಹೊಸದಾಗಿ ಹೇಳಬೇಕಿಲ್ಲ.) ಇಲ್ಲಿ ನಿಜವಾದ ತೊಂದರೆ ಎರಡು: ಬೆವರಿನ ಉಪ್ಪು, ಬೋರ್‌ವೆಲ್‌ನ ಗಡಸು ನೀರು. ಗಡಸು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಬೆಜೆಲ್‌ನ (ಗ್ಲಾಸಿನ ಸುತ್ತ ತಿರುಗುವ ಬಳೆಯ) ಹಲ್ಲುಗಳ ನಡುವೆ ಬಿಳಿ ಸುಣ್ಣ ಕೂರುತ್ತದೆ. ಲೋಹ ಕೆಟ್ಟಿತು ಅಂತ ಗಾಬರಿಯಾಗಿ ನಿಂಬೆಹಣ್ಣು ಉಜ್ಜಿದರೆ ಸುಣ್ಣದ ಜೊತೆ ಕಂದು ಪದರವೂ ಹೋಗಿ, ಆ ಜಾಗದಲ್ಲಷ್ಟೇ ಫಳಫಳ ಮಚ್ಚೆ ಉಳಿಯುತ್ತದೆ. ಕೊನೆಯ ತೊಳೆತ ಯಾವಾಗಲೂ ಆರ್‌ಒ ನೀರಿನಲ್ಲೇ ಆಗಲಿ.

ಹಸಿರಿನಲ್ಲೂ ಎರಡು ಬಗೆ. ಗಟ್ಟಿಯಾಗಿ ಅಂಟಿಕೊಂಡ ಕಡುಹಸಿರು ಸಾದಾ ಕಿಲುಬು, ಇದ್ದರೆ ಇರಲಿ. ತಿಳಿಹಸಿರು ಪುಡಿಯಾಗಿ ಉದುರುತ್ತಿದ್ದು, ಒರೆಸಿದ ಒಂದೆರಡು ದಿನದಲ್ಲೇ ಅದೇ ಜಾಗದಲ್ಲಿ ಮತ್ತೆ ಎದ್ದರೆ ಅದು ಬೇರೆ ಕಥೆ. ಉಪ್ಪಿನ ಕ್ಲೋರೈಡು ಲೋಹದೊಳಗೆ ಸೇರಿ, ಗಾಳಿಯ ತೇವ ಸಿಕ್ಕಾಗಲೆಲ್ಲ ತಾಮ್ರವನ್ನು ತಿನ್ನುತ್ತಿದೆ ಅಂತ ಅರ್ಥ. ಬಿಟ್ಟರೆ ಸಣ್ಣ ಗುಳಿ ಬೀಳುತ್ತದೆ. ಮರದ ಹಲ್ಲುಕಡ್ಡಿಯಿಂದ ಪುಡಿ ಕೆರೆದು, ಒಂದು ಲೋಟ ಆರ್‌ಒ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿ, ಹತ್ತಿಯಲ್ಲಿ ನೆನೆಸಿ ಅಲ್ಲಿ ಹತ್ತು ನಿಮಿಷ ಇಡಿ. ಬರೀ ನೀರಿನಿಂದ ಒರೆಸಿ ಪೂರ್ತಿ ಒಣಗಿಸಿ. ಪುಡಿ ಏಳುವುದು ನಿಲ್ಲುವ ತನಕ ವಾರಕ್ಕೊಮ್ಮೆ ಹೀಗೆ ಮಾಡಬೇಕು.

ಇದು ಹೆಚ್ಚಾಗಿ ಶುರುವಾಗುವುದು ಬೆಲ್ಟು ಕೂರುವ ಕೊಂಬುಗಳ ಒಳಗೆ, ಪಿನ್ನಿನ ತೂತಿನ ಸುತ್ತ. ಬೆಲ್ಟು ಬಿಚ್ಚದೆ ಅದು ಕಾಣುವುದೇ ಇಲ್ಲ. ತೊಗಲಿನ ಬೆಲ್ಟಾದರೆ ಅದರಲ್ಲಿನ ಎಣ್ಣೆ ತಾಮ್ರದ ಜೊತೆ ಸೇರಿ ಹಸಿರು ಮೇಣದಂತೆ ಗಟ್ಟಿಯಾಗುತ್ತದೆ. ಬೆಣ್ಣೆದೋಸೆ ತಿಂದ ಕೈ ಸರಿಯಾಗಿ ತೊಳೆಯದೆ ಬೆಜೆಲ್ ತಿರುಗಿಸಿದರೂ ಅಷ್ಟೇ, ಕೊಬ್ಬಿನ ಆಮ್ಲಕ್ಕೆ ಹಿತ್ತಾಳೆ ಆದರೇನು ಕಂಚಾದರೇನು. ಬೇಸಿಗೆಗೆ ರಬ್ಬರ್ ಅಥವಾ ನೈಲಾನ್ ಬೆಲ್ಟು ಹಾಕಿ. ಹದಿನೈದು ದಿನಕ್ಕೊಮ್ಮೆ ಬೆಲ್ಟು ಬಿಚ್ಚಿ, ಕ್ರೌನ್ (ಪಕ್ಕದಲ್ಲಿ ಕೀ ಕೊಡುವ ತಿರುಗುಗುಂಡಿ) ಬಿಗಿಯಾಗಿದೆಯೇ ನೋಡಿ, ಮಕ್ಕಳ ಹಲ್ಲುಜ್ಜುವ ಬ್ರಷ್ಷಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕೊಂಬು, ಬೆನ್ನಿನ ಅಂಚು, ಬೆಜೆಲ್ ಸಂದು ಉಜ್ಜಿ. ನೀರಿನಲ್ಲಿರುವಾಗಲೇ ಬೆಜೆಲನ್ನು ಎರಡು ಸುತ್ತು ತಿರುಗಿಸಿದರೆ ದುರ್ಗದ ಗಾಳಿಗೆ ಒಳಹೊಕ್ಕ ಧೂಳೂ ಹೊರಬರುತ್ತದೆ. ಮುಖದ ಬಣ್ಣಕ್ಕೆ ಇದರಿಂದ ಏನೂ ಆಗುವುದಿಲ್ಲ.

ಕ್ರೌನ್ ವಿಷಯದಲ್ಲಿ ಇನ್ನೂ ಹುಷಾರು. ಅದರ ಮರೆಯ (ತಿರುಪಿನ ಗೆರೆಗಳ) ಕಂಚು ಮೆತ್ತಗೆ, ಅಡ್ಡ ಕೂತ ಮರೆಯನ್ನು ಒತ್ತಾಯದಿಂದ ತಿರುಗಿಸಿದರೆ ಒಂದೇ ಸಲಕ್ಕೆ ಸವೆದುಹೋಗುತ್ತದೆ. ಮುಚ್ಚುವಾಗ ಒಳಗೆ ಒತ್ತಿ, ಮೊದಲು ಹಿಂದಕ್ಕೆ ತಿರುಗಿಸಿ. ಮರೆ ಕೂರುವ ಜಾಗ ಬಂದಾಗ ಬೆರಳಿಗೆ ‘ಟಕ್’ ಅಂತ ಸಣ್ಣಗೆ ಇಳಿದದ್ದು ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಕರಕರ ಅಂದರೆ ನಿಲ್ಲಿಸಿ, ಮರೆಯಲ್ಲಿ ಮಣ್ಣೋ ಕಿಲುಬೋ ಇದೆ.

ಪೂರ್ತಿ ಹೊಳಪು ವಾಪಸ್ ಬೇಕೆಂದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ಹತ್ತಿಯಲ್ಲಿ ಹಚ್ಚಿ, ಐದು ನಿಮಿಷ ಬಿಟ್ಟು, ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಒರೆಸಿ, ಆಮೇಲೆ ಬರೀ ನೀರು. ದೇವರ ಪಾತ್ರೆಗೆ ಹಾಕುವ ಹುಣಸೆಹಣ್ಣು, ಉಪ್ಪಿನ ಜೋಡಿ ಇಲ್ಲಿ ಬೇಡ, ಉಪ್ಪೇ ಕ್ಲೋರೈಡು. ಪೀತಾಂಬರಿ ಪುಡಿಯೂ ಬೇಡ, ಬೆಜೆಲ್ ಮೇಲಿನ ಅಂಕಿಗಳ ಬಣ್ಣವನ್ನೂ ಗ್ಲಾಸಿನ ಮೇಲಿನ ಲೇಪವನ್ನೂ ಗೀರುತ್ತದೆ. ಆಮ್ಲ ಹಚ್ಚಿದ ಮೇಲೆ ಲೋಹ ಸ್ವಲ್ಪ ಗುಲಾಬಿಯಾಗಿ ಕಾಣುವುದು ಸಹಜ, ಮೆಟಲ್ ಪಾಲಿಶ್ ತೆಳುವಾಗಿ ಎಳೆದರೆ ಸರಿಹೋಗುತ್ತದೆ. ಬೇಯಿಸಿದ ಮೊಟ್ಟೆ ಜಜ್ಜಿ ಡಬ್ಬಿಯಲ್ಲಿಟ್ಟು ಅದರ ಗಂಧಕದ ಹೊಗೆಗೆ ವಾಚನ್ನು ಕಪ್ಪು ಮಾಡುವ ಪದ್ಧತಿಯೂ ಇದೆ. ಕೆಲಸ ಮಾಡುತ್ತದೆ, ಆದರೆ ಬೆರಳಚ್ಚು ಉಳಿದಲ್ಲೆಲ್ಲ ಬಣ್ಣ ತೇಪೆ ತೇಪೆ. ಬಿಸಿಲು ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ಮೊಟ್ಟೆ ಯಾಕೆ?

ಯಂತ್ರದ ಬಗ್ಗೆ ಹೇಳುವುದು ಕಡಿಮೆ. ಎನ್‌ಎಚ್35ಕ್ಕೆ ಕಂಪನಿ ಹೇಳುವ ಮಿತಿ ದಿನಕ್ಕೆ 20 ಸೆಕೆಂಡು ಹಿಂದೆ, 40 ಸೆಕೆಂಡು ಮುಂದೆ. ಪೂರ್ತಿ ಕೀ ಇದ್ದರೆ 41 ಗಂಟೆ ಓಡುತ್ತದೆ. ಬಿಡಿಭಾಗ ಸಿಗುವ ಯಂತ್ರ, ಅನುಭವಿ ರಿಪೇರಿಯವರು ಯಾರಾದರೂ ಬಿಚ್ಚಿಯಾರು. ಮುಚ್ಚಳ ತೆಗೆಸಿದಾಗ ರಬ್ಬರ್ ರಿಂಗು ಬದಲಿಸಿ, ನೀರಿನ ಒತ್ತಡದ ಪರೀಕ್ಷೆಯ ಮಷಿನ್ ಇದೆಯೇ ಅಂತ ಮೊದಲೇ ಕೇಳಿ. ಇಲ್ಲ ಅಂದರೆ ಆ ಪರೀಕ್ಷೆ ಬೇರೆಡೆ ಮಾಡಿಸುವ ತನಕ ಭದ್ರಾ ನಾಲೆಗೆ ಧುಮುಕುವಾಗ ವಾಚು ಮನೆಯಲ್ಲಿರಲಿ. ‘ಪಾಲಿಶ್ ಮಾಡಬೇಡಿ’ ಅಂತ ಚೀಟಿಯಲ್ಲಿ ಬರೆಸಿಯೇ ಕೊಡಿ. ಉಪಕಾರ ಅಂದುಕೊಂಡು ಬಫ್ ಹೊಡೆದುಕೊಟ್ಟರೆ ಎರಡು ವರ್ಷದ ಬಣ್ಣ ಎರಡು ನಿಮಿಷದಲ್ಲಿ ಮಾಯ, ಕೊಂಬಿನ ಚೂಪು ಅಂಚುಗಳೂ ದುಂಡಗಾಗಿರುತ್ತವೆ.