ಕಾರವಾರದ ಚಪಲ್: ಬೋಟಿನವನು ಕಂಡಂತೆ

ಬೈತಖೋಲ್ ಬಂದರಿನಲ್ಲಿ ಇಪ್ಪತ್ತು ವರ್ಷ ಟ್ರಾಲರ್ ನಡೆಸಿದವನು ನಾನು. ನೌಕಾಪಡೆಯ ಹಳೆಯ ಕ್ಷಿಪಣಿ ದೋಣಿಯನ್ನೇ ಸಂಗ್ರಹಾಲಯ ಮಾಡಿದ, ಟ್ಯಾಗೋರ್ ಕಡಲತೀರದ ಐಎನ್‌ಎಸ್ ಚಪಲ್‌ಗೆ ಹೋದರೆ ಕಣ್ಣು ಮೊದಲು ಜಾಗವನ್ನೇ ಅಳೆಯುತ್ತದೆ. ಉದ್ದ ಸುಮಾರು 39 ಮೀಟರ್. ಅಷ್ಟರಲ್ಲೇ ನಾಲ್ಕು ಕ್ಷಿಪಣಿಗಳು, ಮುಂದೆ ಹಿಂದೆ ಫಿರಂಗಿಗಳು, ಮೂರು ಡೀಸೆಲ್ ಎಂಜಿನ್‌ಗಳು! ಒಳಗೆ ನಡೆಯುವಾಗ ಭುಜ ಎರಡೂ ಕಡೆ ತಾಗಿತು. ನಾವಿಕರ ಪಾಲಿಗೆ ಉಳಿದದ್ದು ಅಷ್ಟೇ ಜಾಗ.

ಸಣ್ಣ ದೋಣಿಗೆ ದೊಡ್ಡ ಹೊಡೆತ ಕೊಟ್ಟರು, ದೂರ ಸಾಗುವ ಶಕ್ತಿಯನ್ನು ಬಿಟ್ಟುಕೊಟ್ಟರು. 1971ರ ಪಾಕಿಸ್ತಾನ ಯುದ್ಧದಲ್ಲಿ ಇದೇ ಓಸಾ ಎಂಬ ಸೋವಿಯತ್ ಮಾದರಿಯ ನೌಕೆಗಳು ಕರಾಚಿಯ ಮೇಲೆ ಎರಗಿದಾಗ ಇಂಧನಕ್ಕೆಂದು ಪೋಷಕ್ ಟ್ಯಾಂಕರ್ ಜೊತೆಗಿತ್ತು. ಚಪಲ್ ಸೇವೆಗೆ ಸೇರಿದ್ದು 1976ರಲ್ಲಿ. ಹೆಲಿಕಾಪ್ಟರ್ ಇಳಿಯಲು ಇದರಲ್ಲಿ ಜಾಗವಿಲ್ಲ. ಅದನ್ನೂ ಹೊರಿಸಿದ್ದರೆ ಈ ವೇಗವೂ ಇರುತ್ತಿರಲಿಲ್ಲ, ಈ ಅಗ್ಗವೂ ಇರುತ್ತಿರಲಿಲ್ಲ; ನನಗಂತೂ ಆ ಆಯ್ಕೆ ಸರಿಯೆನಿಸಿತು. ಮಕ್ಕಳನ್ನು ಖಂಡಿತ ಕರೆದೊಯ್ಯಿರಿ.