ಚೇತಕ್, ಕೈನೆಟಿಕ್ ಹೋಂಡಾ, ಹಳೆ ಆಕ್ಟಿವಾ: ತಪಾಸಣೆಯಲ್ಲಿ ಯಾವುದು ಗೆಲ್ಲುತ್ತದೆ?

ನಮ್ಮ ಮನೆಯಲ್ಲಿ ಈಗಲೂ ಓಡುವ ಮೂರು ಹಳೆ ಸ್ಕೂಟರ್‌ಗಳಿವೆ. 1996ರ ಬಜಾಜ್ ಚೇತಕ್, 1997ರ ಕೈನೆಟಿಕ್ ಹೋಂಡಾ, 2006ರ ಹೋಂಡಾ ಆಕ್ಟಿವಾ. ಆರು ತಿಂಗಳಿಗೊಮ್ಮೆ ಮೂರನ್ನೂ ಎಮಿಷನ್ ಟೆಸ್ಟಿಗೆ ಒಯ್ಯುವವನು ನಾನೇ. ಹದಿನೈದು ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸುವವನೂ ನಾನೇ. ‘ಅಷ್ಟು ಹಳೆ ಗಾಡಿ ಪಾಸಾಗಲ್ಲ ಬಿಡಿ’ ಅನ್ನುವವರು ತುಂಬ ಜನ. ನನ್ನ ಅನುಭವ ಹಾಗಿಲ್ಲ. ಗಾಡಿಯ ವಯಸ್ಸಿಗಿಂತ ಪಾರ್ಟ್ಸ್ ಸಿಗುತ್ತಾ, ನಾವೇ ಬಿಚ್ಚಿ ಸರಿಮಾಡಬಹುದಾ ಅನ್ನೋದೇ ಮುಖ್ಯ.

ಎಲ್ಲರೂ ಹೆದರುವುದು ಹೊಗೆಗೆ. ಚೇತಕ್, ಕೈನೆಟಿಕ್ ಎರಡೂ ಟೂ ಸ್ಟ್ರೋಕ್, ಅಂದರೆ ಪೆಟ್ರೋಲ್ ಜೊತೆಗೇ ಆಯಿಲ್ ಕೂಡ ಉರಿಸುವ ಇಂಜಿನ್. ಸಿಲಿಂಡರಿಗೆ ಬಂದ ಪೆಟ್ರೋಲ್ ಮಿಶ್ರಣದಲ್ಲಿ ಒಂದು ಪಾಲು ಉರಿಯದೆ ಹಾಗೇ ಸೈಲೆನ್ಸರಿಗೆ ಜಾರಿಬಿಡುತ್ತದೆ. ಮೀಟರ್‌ನಲ್ಲಿ ಹೈಡ್ರೋಕಾರ್ಬನ್ ಜಾಸ್ತಿ ಕಾಣುವುದು ಅದರಿಂದಲೇ. ಆದರೆ ಕಾನೂನು ಇದಕ್ಕೆ ಜಾಗ ಬಿಟ್ಟಿದೆ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಕ್ಕೆ ಐಡಲಿಂಗ್‌ನಲ್ಲಿ (ಆಕ್ಸಿಲರೇಟರ್ ಕೊಡದೆ ಇಂಜಿನ್ ನಿಂತಲ್ಲೇ ಓಡುವಾಗ) ಹೈಡ್ರೋಕಾರ್ಬನ್ 9000 ಪಿಪಿಎಂ (ಹತ್ತು ಲಕ್ಷದಲ್ಲಿ 9000 ಪಾಲು), ಕಾರ್ಬನ್ ಮಾನಾಕ್ಸೈಡ್ ಶೇ 4.5 ಮಿತಿ. ನನ್ನ ಆಕ್ಟಿವಾದಂಥ ನಂತರದ ಫೋರ್ ಸ್ಟ್ರೋಕ್‌ಗೆ 4500 ಪಿಪಿಎಂ, ಶೇ 3.5. ಅಂದರೆ ಹೈಡ್ರೋಕಾರ್ಬನ್‌ನಲ್ಲಿ ಚೇತಕ್‌ಗೆ ಎರಡರಷ್ಟು ಮಿತಿ. ಹೀಗಾಗಿ ಸರಿಯಾಗಿ ಇಟ್ಟುಕೊಂಡ ಚೇತಕ್ ಈ ಪರೀಕ್ಷೆಯಲ್ಲಿ ಸಲೀಸಾಗಿ ದಾಟುತ್ತದೆ.

ಸರಿಯಾಗಿ ಇಟ್ಟುಕೊಳ್ಳುವುದು ಅಂದರೆ ದೊಡ್ಡ ಕೆಲಸವೇನಲ್ಲ. ಲೀಟರ್ ಪೆಟ್ರೋಲಿಗೆ 20 ಎಂಎಲ್ 2ಟಿ (ಟೂ ಸ್ಟ್ರೋಕ್ ಇಂಜಿನ್ನಿನ) ಆಯಿಲ್, ಅಳೆದೇ ಹಾಕಬೇಕು. ‘ಇಂಜಿನ್‌ಗೆ ಒಳ್ಳೇದು’ ಅಂತ ಕೈಗೆ ಬಂದಷ್ಟು ಸುರಿದರೆ ಸೈಲೆನ್ಸರ್ ತುಂಬ ಕಾರ್ಬನ್ ಕಟ್ಟುತ್ತದೆ. ಆಮೇಲೆ ಹೊಗೆ ಬರದೆ ಇನ್ನೇನು ಬರುತ್ತದೆ? ಆಗಾಗ ಸೈಲೆನ್ಸರ್, ಸಿಲಿಂಡರ್ ಹೆಡ್ ಬಿಚ್ಚಿ ಡಿ-ಕಾರ್ಬನ್ ಮಾಡಿಸುತ್ತೇನೆ, ಅಂದರೆ ಕಟ್ಟಿದ ಕಾರ್ಬನ್ ಕೆರೆದು ತೆಗೆಸುತ್ತೇನೆ. ಟೆಸ್ಟಿಗೆ ಹೋಗುವ ದಿನ ಒಂದು ಸುತ್ತು ಹೊಡೆದು, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೇ ನಿಲ್ಲಿಸುತ್ತೇನೆ. ತಣ್ಣಗಿನ ಇಂಜಿನ್ ಅಳೆಸಿದರೆ ಯಾವ ಗಾಡಿಯಾದರೂ ಕೆಟ್ಟ ನಂಬರ್ ತೋರಿಸುತ್ತದೆ.

ಕೈನೆಟಿಕ್ ಇಲ್ಲಿ ಹಟಮಾರಿ. ಆಯಿಲ್‌ಗೆ ಬೇರೆ ಟ್ಯಾಂಕ್ ಇದೆ, ಪಂಪ್ ತಾನೇ ಬೆರೆಸುತ್ತದೆ. ಹೊಸದರಲ್ಲಿ ಇದು ದೊಡ್ಡ ಅನುಕೂಲ. ಹಳೆಯದಾದ ಮೇಲೆ ಪಂಪ್ ಎಷ್ಟು ಆಯಿಲ್ ಕೊಡುತ್ತಿದೆ ಅನ್ನೋದು ಕಣ್ಣಿಗೆ ಕಾಣುವುದಿಲ್ಲ. ಜಾಸ್ತಿ ಕೊಟ್ಟರೆ ಹೊಗೆ, ಕಡಿಮೆ ಕೊಟ್ಟರೆ ಪಿಸ್ಟನ್ ಜಾಮ್. ಐಡಲಿಂಗ್ ಸ್ವಲ್ಪ ಏರಿಸಿದರೂ ಸ್ಟ್ಯಾಂಡ್ ಮೇಲೆ ಹಿಂದಿನ ಚಕ್ರ ತಿರುಗಲು ಶುರು. ಇದನ್ನು ಹೊಂದಿಸಲು ಗೊತ್ತಿರುವ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ, ಅಂಥವರು ಕಡಿಮೆಯಾಗುತ್ತಿದ್ದಾರೆ.

ಆಕ್ಟಿವಾ ವಿಷಯದಲ್ಲಿ ಹೇಳಲು ಹೆಚ್ಚಿಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಹೊಸ ಫಿಲ್ಟರ್ ಹಾಕಿ, ಕಾರ್ಬುರೇಟರ್ ತೊಳೆಸಿದರೆ ಮುಗಿಯಿತು.

ಆರ್‌ಟಿಒದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ನೋಡುವುದು ಬ್ರೇಕ್, ಲೈಟ್, ಹಾರ್ನ್, ಇಂಡಿಕೇಟರ್, ಕನ್ನಡಿ, ಟೈರ್, ಜೊತೆಗೆ ಚಾಸಿ ಮತ್ತು ಇಂಜಿನ್ ನಂಬರ್. ಚೇತಕ್ ಕಷ್ಟಪಡುವುದು ಇಲ್ಲೇ. ನಮ್ಮ ಗಾಡಿಯಲ್ಲಿ ಹೆಡ್‌ಲೈಟಿಗೆ ಕರೆಂಟ್ ಬರುವುದು ನೇರ ಮ್ಯಾಗ್ನೆಟೋದಿಂದ, ಅಂದರೆ ಇಂಜಿನ್ ತಿರುಗಿದಂತೆ ಕರೆಂಟ್ ಹುಟ್ಟಿಸುವ ಭಾಗದಿಂದ. ಐಡಲಿಂಗ್‌ನಲ್ಲಿ ಲೈಟ್ ಮಂಕು, ಆಕ್ಸಿಲರೇಟರ್ ಕೊಟ್ಟರೆ ಪ್ರಕಾಶ. ಇನ್ಸ್‌ಪೆಕ್ಟರ್ ನೋಡುವಾಗ ಇಂಜಿನ್ ಸ್ವಲ್ಪ ಏರಿಸಿಯೇ ತೋರಿಸಬೇಕು. ಎರಡೂ ಡ್ರಮ್ ಬ್ರೇಕ್, ಎರಡಕ್ಕೂ ಕೇಬಲ್. ಮುಂದಿನ ಬ್ರೇಕ್ ಯಾವತ್ತೂ ಅಷ್ಟಕ್ಕಷ್ಟೇ, ಅದರ ಮೇಲೆ ಭರವಸೆ ಇಡಬೇಡಿ. ಹಿಂದಿನ ಶೂ ಹೊಸದಿರಲಿ, ಪೆಡಲ್ ತುಳಿದ ತಕ್ಷಣ ಬ್ರೇಕ್ ಲೈಟ್ ಹತ್ತಲಿ. ಈ ಎಲ್ಲ ಸಾಮಾನೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇವತ್ತಿಗೂ ಸಿಗುತ್ತದೆ, ಕಡಿಮೆ ಬೆಲೆಗೆ. ಸ್ಪಾನರ್ ಹಿಡಿಯಲು ಬಂದರೆ ಭಾನುವಾರ ಬೆಳಿಗ್ಗೆ ಮನೆ ಮುಂದೆಯೇ ಕೆಲಸ ಮುಗಿಯುತ್ತದೆ. ಚೇತಕ್ ಮೇಲೆ ನನಗೆ ಪ್ರೀತಿ ಹೆಚ್ಚಿರುವುದೇ ಇದಕ್ಕೆ.

ಕೈನೆಟಿಕ್‌ನಲ್ಲಿ ಬ್ರೇಕ್ ಎರಡೂ ಕೈಯಲ್ಲಿ, ಹಿಡಿತ ಚೇತಕ್‌ಗಿಂತ ವಾಸಿ. ಸೆಲ್ಫ್ ಸ್ಟಾರ್ಟ್ ಇರುವುದರಿಂದ ಒಳ್ಳೆ ಬ್ಯಾಟರಿ ಇರಲೇಬೇಕು, ಹೀಗಾಗಿ ಹಾರ್ನ್, ಇಂಡಿಕೇಟರ್ ಚುರುಕು. ಸಮಸ್ಯೆ ಬೇರೆ ಕಡೆ. ಇಂಡಿಕೇಟರ್ ಗ್ಲಾಸ್ ಒಡೆದರೆ, ಸ್ವಿಚ್ ಸತ್ತರೆ ಅಸಲಿ ಪಾರ್ಟ್ ಹುಡುಕುವುದರಲ್ಲೇ ಸಾಕಾಗುತ್ತದೆ. 2022ರ ನವೀಕರಣಕ್ಕೆ ಮುಂಚೆ ಒಂದು ಗ್ಲಾಸಿಗಾಗಿ ಅಂಗಡಿ ಅಂಗಡಿ ಅಲೆದು, ಕೊನೆಗೆ ಗುಜರಿಯಲ್ಲಿ ಸಿಕ್ಕಿತು. ಚಿಕ್ಕ ಪಾರ್ಟ್, ಆದರೆ ಅದಿಲ್ಲದೆ ಗಾಡಿ ತಪಾಸಣೆಗೆ ಹೋಗುವ ಹಾಗಿಲ್ಲ ಅಲ್ವಾ?

ಆಕ್ಟಿವಾ ಆರ್‌ಟಿಒದಲ್ಲೂ ಸುಲಭವಾಗಿ ಪಾಸಾಯಿತು. ಕ್ರ್ಯಾಂಕ್‌ಕೇಸಿನ ಮೇಲಿರುವ ಇಂಜಿನ್ ನಂಬರ್ ಮೊದಲೇ ಸೀಮೆಎಣ್ಣೆ ಹಾಕಿ ಉಜ್ಜಿಟ್ಟುಕೊಳ್ಳಿ, ಅಷ್ಟು ಕೆಸರು ಮೆತ್ತಿಕೊಂಡಿರುತ್ತದೆ. ಆದರೆ ಈ ಗಾಡಿಯ ಬಗ್ಗೆಯೇ ನನಗೆ ಹೆಚ್ಚು ಆತಂಕ. ಮುಂದಿನ ಸಸ್ಪೆನ್ಷನ್‌ನ ಲಿಂಕ್ ಬುಷ್ (ಕೀಲಿನೊಳಗಿನ ಬಳೆ) ಸವೆದಿದ್ದರೂ ಯಾರೂ ಕೇಳಲಿಲ್ಲ, ಲೈಟು ಹಾರ್ನು ನೋಡಿ ಸೀಲ್ ಬಿತ್ತು. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ‘ಟಕ್ ಟಕ್’ ಅಂದರೆ ಬುಷ್ ಬದಲಿಸಿ. ಫುಟ್‌ಬೋರ್ಡ್ ಮ್ಯಾಟ್ ಎತ್ತಿ ತುಕ್ಕು ಇದೆಯಾ ನೋಡಿ. ಟೈರ್ ಅಂತೂ ಮೂರರಲ್ಲೂ ಕಾನೂನು ಹೇಳುವ ಕನಿಷ್ಠ ಗೀರಿನ ಆಳ 0.8 ಮಿಲಿಮೀಟರ್‌ವರೆಗೆ ಸವೆಸಬಾರದು. ಇಷ್ಟು ಚಿಕ್ಕ ಚಕ್ರದ ಗಾಡಿ ಮಳೆಯಲ್ಲಿ ಜಾರಿದರೆ ಬೀಳುವವರು ನಾವು.

ಹಳೆ ಸ್ಕೂಟರ್ ಕೊಳ್ಳಬೇಕು ಅಂತಿದ್ದರೆ ನನ್ನ ಮಾತು ಇಷ್ಟು. ದಿನಾ ಆಫೀಸಿಗೆ ಬೇಕು, ಕೈ ಕೊಳೆ ಮಾಡಿಕೊಳ್ಳಲು ಪುರುಸೊತ್ತಿಲ್ಲ ಅಂದರೆ ಆಕ್ಟಿವಾ. ರಿಪೇರಿ ಇಷ್ಟ ಅಂದರೆ ಕಣ್ಣು ಮುಚ್ಚಿ ಚೇತಕ್. ಕೈನೆಟಿಕ್ ತಗೊಳ್ಳುವುದಾದರೆ ಪಾರ್ಟ್ಸಿಗೆಂದು ಇನ್ನೊಂದು ಕೆಟ್ಟ ಕೈನೆಟಿಕ್ ಕೂಡ ತಗೊಳ್ಳಿ. ನಾನು ಹೀಗೇ ಮಾಡಿದ್ದೇನೆ.

ಖರ್ಚು ಮಾತ್ರ ಏರುತ್ತಲೇ ಇದೆ. ದ್ವಿಚಕ್ರ ವಾಹನದ ನವೀಕರಣ ಶುಲ್ಕ 2022ರ ಏಪ್ರಿಲ್‌ವರೆಗೆ 300 ರೂಪಾಯಿ ಇತ್ತು, ಆಮೇಲೆ 1000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗೆ 2000 ಮಾಡಿದರು. ಹಸಿರು ತೆರಿಗೆ, ಇನ್ಶೂರೆನ್ಸ್ ಬೇರೆ. ತಡಮಾಡಿದರೆ ತಿಂಗಳಿಗೆ 300 ರೂಪಾಯಿ ದಂಡ. ಆರ್‌ಸಿ ಮುಗಿಯುವ 60 ದಿನ ಮೊದಲೇ ನವೀಕರಣದ ಅರ್ಜಿ, ಅಂದರೆ ಫಾರಂ 25, ತುಂಬಲು ಅವಕಾಶ ಇದೆ. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಗೆ ಹೊಸ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಕೂಡ ಕಡ್ಡಾಯ. ಅದನ್ನು ಮೊದಲು ಹಾಕಿಸಿಕೊಂಡು ಆಮೇಲೆ ಅರ್ಜಿ ಹಾಕಿ.