ಜಪಾನಿನ ರೈಲು ಪಾಸ್: ಅಕ್ಕ ಕೊಂಡಳು, ನಾನು ಕೊಳ್ಳಲಿಲ್ಲ

2024ರ ಏಪ್ರಿಲ್‌ನಲ್ಲಿ ನಾವು ನಾಲ್ಕು ಜನ ಜಪಾನ್‌ಗೆ ಹೋಗಿದ್ದೆವು. ಅಕ್ಕ, ಭಾವ, ನಾನು, ನಮ್ಮನೆಯವರು. ಒಟ್ಟಿಗೆ ಟೋಕಿಯೋದ ನಾರಿತಾ ವಿಮಾನ ನಿಲ್ದಾಣದಲ್ಲಿ ಇಳಿದೆವು, ಒಂದೇ ಹೋಟೆಲ್‌ಗಳಲ್ಲಿ ಉಳಿದೆವು, ನೋಡಿದ ಜಾಗಗಳೂ ಹೆಚ್ಚು ಕಮ್ಮಿ ಒಂದೇ. ಆದರೆ ಅಕ್ಕ-ಭಾವ ಏಳು ದಿನದ ಜೆಆರ್ ಪಾಸ್ ತೆಗೆದುಕೊಂಡಿದ್ದರು, ನಾವು ತೆಗೆದುಕೊಂಡಿರಲಿಲ್ಲ. ಜೆಆರ್ ಅಂದರೆ ಜಪಾನ್ ರೈಲ್ವೇಸ್; ಒಂದು ಸಲ ದುಡ್ಡು ಕೊಟ್ಟರೆ ಅಷ್ಟು ದಿನ ಅದರ ರೈಲುಗಳಲ್ಲಿ ಓಡಾಡಬಹುದಾದ ಪಾಸ್ ಇದು. ಪ್ರತಿ ರಾತ್ರಿ ಮಲಗುವ ಮುಂಚೆ ನಾನು ಎರಡೂ ಜೋಡಿಯ ಖರ್ಚನ್ನು ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. "ಪಾಸ್ ತಗೊಳ್ಳೋದಾ, ಬೇಡವಾ?" ಅಂತ ಈಗ ಯಾರು ಕೇಳಿದರೂ ಆ ನೋಟ್‌ಬುಕ್ ತೆಗೆದು ತೋರಿಸುತ್ತೇನೆ.

ಮೊದಲು ಹಳೆಯ ಮಾತು. ನಾನು ಜಪಾನ್‌ಗೆ ಮೊದಲ ಸಲ ಹೋಗಿದ್ದು 2019ರ ನವೆಂಬರ್‌ನಲ್ಲಿ. ಆಗ ಏಳು ದಿನದ ಪಾಸ್‌ಗೆ 29,650 ಯೆನ್. ಟೋಕಿಯೋದಿಂದ ಕ್ಯೋಟೋಗೆ ಬುಲೆಟ್ ರೈಲಾದ ಶಿನ್‌ಕಾನ್ಸೆನ್‌ನಲ್ಲಿ ಹೋಗಿ ಬಂದರೆ ಹತ್ತಿರ ಹತ್ತಿರ 28 ಸಾವಿರ ಆಗುತ್ತಿತ್ತು. ಅದರ ಮೇಲೆ ಒಂದು ಸಲ ವಿಮಾನ ನಿಲ್ದಾಣದ ರೈಲು ಹತ್ತಿದರೂ ಪಾಸಿನ ದುಡ್ಡು ಬಂತು ಅಂತಲೇ ಲೆಕ್ಕ. ಹಾಗಾಗಿ ಆಗ ಯಾರೂ ಜಾಸ್ತಿ ಯೋಚನೆ ಮಾಡುತ್ತಿರಲಿಲ್ಲ.

ಆ ಸಲ ನಾನೊಂದು ತಪ್ಪು ಮಾಡಿದೆ. ವಿಮಾನ ಇಳಿದ ದಿನವೇ ಪಾಸ್ ಶುರು ಮಾಡಿಸಿಬಿಟ್ಟೆ. ಆಮೇಲೆ ಮೂರು ದಿನ ಟೋಕಿಯೋದಲ್ಲೇ ಇದ್ದೆವು. ಅಲ್ಲಿ ಅರ್ಧ ಓಡಾಟ ಮೆಟ್ರೋದಲ್ಲಿ, ಮೆಟ್ರೋದಲ್ಲಿ ಜೆಆರ್ ಪಾಸ್ ನಡೆಯುವುದಿಲ್ಲ. ಜೆಆರ್‌ನ ಯಮಾನೋತೆ ಲೈನ್‌ನಲ್ಲಿ ನಡೆಯುತ್ತದೆ ನಿಜ, ಆದರೆ ಅಲ್ಲಿ ಒಂದು ಸಲದ ಪ್ರಯಾಣಕ್ಕೆ ನೂರೈವತ್ತು, ಇನ್ನೂರು ಯೆನ್ ಅಷ್ಟೇ. ಏಳು ದಿನದ ಪಾಸಿನ ಮೂರು ದಿನ ಹಾಗೆ ಸುಮ್ನೆ ಕಳೆದುಹೋಯಿತು. ಕೊನೆಗೆ ಹಿರೋಶಿಮಾಗೆ ಹೋಗಲು ದಿನವೇ ಉಳಿಯಲಿಲ್ಲ. ಆ ಬೇಸರ ನನಗೆ ತುಂಬಾ ದಿನ ಇತ್ತು. ನಾಲ್ಕನೇ ದಿನ, ಕ್ಯೋಟೋಗೆ ಹೊರಡುವ ಬೆಳಿಗ್ಗೆಯಿಂದ ಶುರು ಮಾಡಿಸಿದ್ದರೆ ಅದೇ ದುಡ್ಡಿಗೆ ಹಿರೋಶಿಮಾವನ್ನೂ ನೋಡಬಹುದಿತ್ತು. ಪಾಸ್ ಯಾವ ದಿನದಿಂದ ಬೇಕು ಅಂತ ನಾವೇ ಹೇಳಬಹುದು. ಮೊದಲ ದೂರದ ಪ್ರಯಾಣದ ದಿನವನ್ನೇ ಹೇಳಿ.

2023ರ ಅಕ್ಟೋಬರ್‌ನಲ್ಲಿ ಎಲ್ಲ ಬದಲಾಯಿತು. ಏಳು ದಿನದ ಪಾಸ್ ಒಂದೇ ಏಟಿಗೆ 50,000 ಯೆನ್ ಆಯಿತು. 14 ದಿನದ್ದು 80,000, 21 ದಿನದ್ದು 1,00,000. ಇದು ಸಾಮಾನ್ಯ ದರ್ಜೆಯದು. ಮೇಲಿನ ದರ್ಜೆಯ ಗ್ರೀನ್ ಕಾರ್ ಬೇಕಿದ್ದರೆ ಏಳು ದಿನಕ್ಕೆ 70,000. ಬಿಡಿ ಟಿಕೆಟ್‌ಗಳ ಬೆಲೆ ಮಾತ್ರ ಹಾಗೆ ಜಿಗಿಯಲಿಲ್ಲ. ಟೋಕಿಯೋ-ಕ್ಯೋಟೋ ನಡುವೆ ಹಿಕಾರಿ ಅನ್ನುವ ಶಿನ್‌ಕಾನ್ಸೆನ್ ರೈಲಿನಲ್ಲಿ ಕಾದಿರಿಸಿದ ಸೀಟಿಗೆ ನಾವು ಹೋದಾಗಲೂ 14 ಸಾವಿರದೊಳಗೇ ಇತ್ತು.

ಅಕ್ಕ-ಭಾವ ಪಾಸ್ ಕೊಂಡಿದ್ದಕ್ಕೆ ಕಾರಣ ಅವರ ವಿಮಾನದ ಟಿಕೆಟ್. ಅವರು ನಾರಿತಾದಿಂದಲೇ ವಾಪಸ್ ಹೊರಡುವ ಹಾಗೆ ಮೊದಲೇ ಬುಕ್ ಮಾಡಿದ್ದರು. ಅಂದರೆ ಎಲ್ಲಿಗೆ ಹೋದರೂ ತಿರುಗಿ ಟೋಕಿಯೋಗೆ ಬರಲೇಬೇಕು. ನಾವು ನಾರಿತಾದಲ್ಲಿ ಇಳಿದು, ಒಸಾಕಾ ಹತ್ತಿರದ ಕನ್ಸಾಯ್ ವಿಮಾನ ನಿಲ್ದಾಣದಿಂದ ಹೊರಡುವ ಹಾಗೆ ಮಾಡಿಕೊಂಡಿದ್ದೆವು. "ಇಷ್ಟು ದೂರ ಹೋಗ್ತೀವಿ, ಪಾಸ್ ಇದ್ದರೆ ನಿಶ್ಚಿಂತೆ ಕಣೆ" ಅಂದಳು ಅಕ್ಕ. ನಾನು ಟೋಕಿಯೋ-ಕ್ಯೋಟೋಗೆ ಬಿಡಿ ಟಿಕೆಟ್, ಆಮೇಲಿನ ಐದು ದಿನಕ್ಕೆ 17,000 ಯೆನ್‌ನ ಕನ್ಸಾಯ್-ಹಿರೋಶಿಮಾ ಏರಿಯಾ ಪಾಸ್ ಅಂತ ತೀರ್ಮಾನ ಮಾಡಿದೆ. ಈ ಚಿಕ್ಕ ಪಾಸ್ ಜೆಆರ್‌ನ ಪಶ್ಚಿಮ ಭಾಗದ ಕಂಪನಿ ಜೆಆರ್ ವೆಸ್ಟ್‌ನದು. ಕ್ಯೋಟೋ, ನಾರಾ, ಒಸಾಕಾ, ಕೋಬೆ, ಹಿಮೆಜಿ, ಹಿರೋಶಿಮಾ ಎಲ್ಲ ಇದರಲ್ಲಿ ಬರುತ್ತವೆ. ದೊಡ್ಡ ಪಾಸಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಇಂಥ ಚಿಕ್ಕ ಪಾಸ್‌ಗಳ ಕಡೆ ನೋಡುವವರು ಕಡಿಮೆ.

ಮೊದಲ ನಾಲ್ಕು ದಿನ ಟೋಕಿಯೋದಲ್ಲಿ ನಾಲ್ವರಿಗೂ ಒಂದೇ ಖರ್ಚು. ಅಕ್ಕನ ಪಾಸ್ ಇನ್ನೂ ಶುರು ಆಗಿರಲಿಲ್ಲ, ನನ್ನ 2019ರ ಪಾಠ ಅವಳಿಗೆ ಮೊದಲೇ ಹೇಳಿದ್ದೆ. ಮೆಟ್ರೋಗೆ ಪ್ರವಾಸಿಗಳಿಗಾಗಿಯೇ ಇರುವ 72 ಗಂಟೆಯ ಟಿಕೆಟ್ 1,500 ಯೆನ್‌ಗೆ ಸಿಕ್ಕಿತು. ಊರೊಳಗಿನ ಓಡಾಟಕ್ಕೆ ನಾನು ನೋಡಿದ ಮಟ್ಟಿಗೆ ಇದಕ್ಕಿಂತ ಲಾಭದ್ದು ಇಲ್ಲ.

ಐದನೇ ದಿನ ಕ್ಯೋಟೋಗೆ ಹೊರಟೆವು. ಇಲ್ಲಿ ಎರಡು ದಾರಿಯ ವ್ಯತ್ಯಾಸ ಮೊದಲ ಸಲ ಕಂಡಿತು. ಈ ದಾರಿಯಲ್ಲಿ ಎಲ್ಲಕ್ಕಿಂತ ವೇಗದ ರೈಲು ನೊಜೊಮಿ. ಮೊದಲೆಲ್ಲ ಪಾಸ್ ಇದ್ದವರು ಅದನ್ನು ಹತ್ತುವ ಹಾಗೇ ಇರಲಿಲ್ಲ. ಈಗ ಹತ್ತಬಹುದು, ಆದರೆ ಟೋಕಿಯೋ-ಕ್ಯೋಟೋಗೆ 4,960 ಯೆನ್ ಬೇರೆ ಕೊಡಬೇಕು. 50 ಸಾವಿರ ಕೊಟ್ಟ ಮೇಲೂ! ಭಾವ ಬೇಡ ಅಂದರು. ಅವರಿಬ್ಬರು ಹಿಕಾರಿಯಲ್ಲಿ ಬಂದರು, ನಾವಿಬ್ಬರು ಫೋನ್‌ನಲ್ಲೇ ಸ್ಮಾರ್ಟ್‌ಇಎಕ್ಸ್ ಆ್ಯಪ್‌ನಿಂದ ಬುಕ್ ಮಾಡಿದ್ದ ನೊಜೊಮಿಯಲ್ಲಿ ಹೋದೆವು. ಒಬ್ಬರಿಗೆ ಸುಮಾರು 14,200 ಯೆನ್.

ನೊಜೊಮಿ ಎರಡೂಕಾಲು ಗಂಟೆ, ಹಿಕಾರಿ ಎರಡು ಗಂಟೆ ನಲವತ್ತು ನಿಮಿಷ. ಈ ಇಪ್ಪತ್ತೈದು ನಿಮಿಷ ದೊಡ್ಡದಲ್ಲ. ದೊಡ್ಡದು ಯಾವುದು ಅಂದರೆ, ನೊಜೊಮಿ ಕೆಲವೇ ನಿಮಿಷಕ್ಕೊಂದು ಹೊರಡುತ್ತಿರುತ್ತದೆ. ಹಿಕಾರಿ ಗಂಟೆಗೆ ಹೆಚ್ಚು ಕಮ್ಮಿ ಎರಡೇ. ಚೆರ್ರಿ ಹೂವಿನ ಕಾಲದಲ್ಲಿ ಹಿಕಾರಿಯ ಸೀಟುಗಳು ಬೇಗ ತುಂಬುತ್ತವೆ. ಅಕ್ಕನಿಗೆ ಬೇಕಾದ ಗಾಡಿಯಲ್ಲಿ ಕಿಟಕಿ ಸೀಟು ಸಿಗಲಿಲ್ಲ. ನಾನು ವಾರಗಳ ಮುಂಚೆಯೇ 'ಇ' ಸೀಟು ಆರಿಸಿಕೊಂಡಿದ್ದೆ. ಟೋಕಿಯೋದಿಂದ ಹೊರಟಾಗ ಫುಜಿ ಬೆಟ್ಟ ಬಲಗಡೆ ಕಾಣುತ್ತದೆ, 'ಇ' ಆ ಕಡೆಯ ಕಿಟಕಿ. ಅವತ್ತು ಬಾನು ತಿಳಿಯಾಗಿತ್ತು. ತಲೆ ತುಂಬಾ ಹಿಮ ಹೊತ್ತ ಬೆಟ್ಟ ಕೆಲವು ನಿಮಿಷ ನಮ್ಮ ಜೊತೆಗೇ ಬಂತು. ಅಕ್ಕ ಪಕ್ಕದಲ್ಲಿ ಇರಬೇಕಿತ್ತು ಅಂತ ತುಂಬಾ ಅನ್ನಿಸಿತು.

ಸಾಮಾನಿನ ಬಗ್ಗೆ ಒಂದು ಮಾತು, ಇದು ಎರಡೂ ದಾರಿಗೆ ಒಂದೇ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ದಾಟುವುದಾದರೆ, ಈ ಲೈನ್‌ನಲ್ಲಿ ಸಾಮಾನಿಗೆ ಜಾಗ ಇರುವ ಸೀಟನ್ನೇ ಮೊದಲು ಕಾದಿರಿಸಬೇಕು. ಇಲ್ಲದಿದ್ದರೆ 1,000 ಯೆನ್ ಕಟ್ಟಬೇಕಾಗುತ್ತದೆ. ಮನೆಯಲ್ಲೇ ಟೇಪ್ ಹಿಡಿದು ಅಳೆದುಕೊಂಡು ಹೊರಡಿ.

ಕ್ಯೋಟೋದಲ್ಲಿ ಯಾವ ಪಾಸೂ ಅಷ್ಟು ಕೆಲಸಕ್ಕೆ ಬರಲಿಲ್ಲ. ಕಿಯೋಮಿಜು ದೇವಸ್ಥಾನ, ಬಂಗಾರದ ಮಂಟಪ ಕಿಂಕಾಕುಜಿ, ಎರಡಕ್ಕೂ ನಾವು ಹೋಗಿದ್ದು ನಗರದ ಬಸ್ಸಿನಲ್ಲಿ. ಒಂದು ಸಲ ಹತ್ತಿದರೆ 230 ಯೆನ್, ನಾಲ್ವರೂ ಕೈಯಿಂದಲೇ ಕೊಟ್ಟೆವು. ಜೆಆರ್ ಕೆಲಸಕ್ಕೆ ಬಂದಿದ್ದು ಕೆಂಪು ಕಂಬಗಳ ಸಾಲಿರುವ ಫುಶಿಮಿ ಇನಾರಿ ದೇಗುಲಕ್ಕೆ ಮತ್ತು ನಾರಾಗೆ. ಎರಡೂ ಒಂದೇ ನಾರಾ ಲೈನ್‌ನಲ್ಲಿವೆ. ಎರಡೂ ಸೇರಿ ಬಿಡಿ ಟಿಕೆಟ್‌ಗೆ ಸಾವಿರದ ಏಳುನೂರರಷ್ಟು ಆಗುತ್ತಿತ್ತು ಅಷ್ಟೇ. ಕ್ಯೋಟೋ ಮಾತ್ರ ನೋಡಲು ಹೋಗುವವರಿಗೆ ಪಾಸ್ ಬೇಡ ಅಂತ ಖಂಡಿತ ಹೇಳುತ್ತೇನೆ.

ಎಂಟನೇ ದಿನ ಹಿರೋಶಿಮಾ. ಇಲ್ಲಿ ಚಿಕ್ಕ ಪಾಸಿನ ಒಂದು ತೊಡಕು ಹೇಳಲೇಬೇಕು. ಕ್ಯೋಟೋದಿಂದ ಶಿನ್-ಒಸಾಕಾದವರೆಗಿನ ಶಿನ್‌ಕಾನ್ಸೆನ್ ಬೇರೆ ಕಂಪನಿಯದು, ಜೆಆರ್ ಸೆಂಟ್ರಲ್‌ನದು. ಆ ತುಣುಕಿನಲ್ಲಿ ಈ ಪಾಸ್ ನಡೆಯುವುದಿಲ್ಲ. ಹಾಗಾಗಿ ಕ್ಯೋಟೋದಲ್ಲಿ ಮಾಮೂಲಿ ಹಳಿಯ ವೇಗದ ಲೋಕಲ್ ರೈಲು ಹತ್ತಿದೆವು, ಶಿನ್‌ಕೈಸೊಕು ಅಂತಾರೆ ಅದಕ್ಕೆ. ಅರ್ಧ ಗಂಟೆಯೊಳಗೆ ಶಿನ್-ಒಸಾಕಾ ಬಂತು, ಅಲ್ಲಿ ಸಕುರಾ ಶಿನ್‌ಕಾನ್ಸೆನ್ ಹಿಡಿದೆವು. ಬೆಳಗಿನ ಆಫೀಸಿನ ಗುಂಪಿನಲ್ಲಿ ಪೆಟ್ಟಿಗೆ ಹಿಡಿದು ನಿಲ್ಲುವುದು ಕಷ್ಟವೇ. ಅಕ್ಕ-ಭಾವ ಕ್ಯೋಟೋದಲ್ಲೇ ಶಿನ್‌ಕಾನ್ಸೆನ್ ಹತ್ತಿ ಆರಾಮಾಗಿ ಬಂದು ನಮ್ಮ ಗಾಡಿಗೆ ಸೇರಿಕೊಂಡರು. ವಯಸ್ಸಾದವರು ಜೊತೆಗಿದ್ದರೆ ಈ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನೊಂದು ಕಡೆ ಚಿಕ್ಕ ಪಾಸೇ ಮೇಲು. ಶಿನ್-ಒಸಾಕಾದಿಂದ ಹಿರೋಶಿಮಾವರೆಗೆ ಅದರಲ್ಲಿ ನೊಜೊಮಿಯನ್ನೂ ಹತ್ತಬಹುದು, ಮೇಲೆ ಒಂದು ಯೆನ್ ಕೊಡಬೇಕಿಲ್ಲ. 50 ಸಾವಿರದ ಪಾಸಿಗೆ ಇಲ್ಲದ ಅನುಕೂಲ 17 ಸಾವಿರದ ಪಾಸಿಗೆ ಇದೆ. ಭಾವನಿಗೆ ಇದು ಗೊತ್ತಾದಾಗ ಸ್ವಲ್ಪ ಬೇಜಾರಾಯಿತು.

ಮಿಯಾಜಿಮಾ ದ್ವೀಪಕ್ಕೆ ಹೋಗುವ ಜೆಆರ್ ದೋಣಿ ಎರಡೂ ಪಾಸಿನಲ್ಲಿ ಸೇರಿದೆ. ದ್ವೀಪಕ್ಕೆ ಬರುವವರ ಮೇಲಿನ 100 ಯೆನ್ ತೆರಿಗೆ ಮಾತ್ರ ಎಲ್ಲರೂ ಕೊಡಬೇಕು.

ಒಂಬತ್ತನೇ ದಿನ ನನಗೆ ಪಾಸ್ ಅನ್ನುವುದರ ನಿಜವಾದ ಬೆಲೆ ತಿಳಿಯಿತು. ಹಿರೋಶಿಮಾದಿಂದ ನೇರ ಒಸಾಕಾಗೆ ಬರುವ ಯೋಚನೆ ಇತ್ತು. ರೈಲಿನಲ್ಲಿ ಕೂತ ಮೇಲೆ ಅಕ್ಕ ಅಂದಳು, "ಹಿಮೆಜಿ ಕೋಟೆ ಇದೇ ದಾರೀಲಿ ಅಲ್ವಾ? ಇಳಿದುಬಿಡೋಣ." ಇಳಿದುಬಿಟ್ಟೆವು. ಲಾಕರ್‌ನಲ್ಲಿ ಪೆಟ್ಟಿಗೆ ಇಟ್ಟು ಹೊರಗೆ ಬಂದರೆ, ಅಗಲವಾದ ನೇರ ರಸ್ತೆಯ ಕೊನೆಯಲ್ಲಿ ಬಿಳಿ ಕೋಟೆ ನಿಂತಿತ್ತು. ಕಾಲುಗಂಟೆ ನಡಿಗೆ. 1993ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕೋಟೆ ಅದು. ಅಂಗಳದ ತುಂಬ ಚೆರ್ರಿ ಮರಗಳು, ಗಾಳಿ ಬೀಸಿದಾಗೆಲ್ಲ ಎಸಳು ಉದುರುತ್ತಿದ್ದವು. ಕಡಿದಾದ ಮರದ ಮೆಟ್ಟಿಲು ಹತ್ತಿ ಮೇಲಿನ ಅಂತಸ್ತಿಗೆ ಹೋದಾಗ ಅಕ್ಕ ನನ್ನ ಕೈ ಹಿಡಿದುಕೊಂಡೇ ಇದ್ದಳು. ನಮ್ಮ ಇಡೀ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಹೊತ್ತು ಅದು. ಕೈಯಲ್ಲಿ ಬಿಡಿ ಟಿಕೆಟ್ ಇದ್ದಿದ್ದರೆ ಇಳಿಯುತ್ತಿರಲಿಲ್ಲ. ಶಿನ್‌ಕಾನ್ಸೆನ್‌ನ ಎಕ್ಸ್‌ಪ್ರೆಸ್ ಟಿಕೆಟ್ ನಡುವೆ ಇಳಿದು ನಿಲ್ದಾಣದ ಹೊರಗೆ ಹೋದರೆ ಅಲ್ಲಿಗೇ ಮುಗಿಯುತ್ತದೆ, ಮುಂದಕ್ಕೆ ಹೊಸದು ಕೊಳ್ಳಬೇಕು. "ಇಲ್ಲಿ ಇಳಿಯೋಣವಾ?" ಅಂತ ಕೇಳುವ ಸ್ವಾತಂತ್ರ್ಯಕ್ಕೂ ಒಂದು ಬೆಲೆ ಇದೆ. ಆದರೆ ಗಮನಿಸಿ, ಆ ಸ್ವಾತಂತ್ರ್ಯ ಚಿಕ್ಕ ಪಾಸಿನಲ್ಲೂ ಪೂರ್ತಿ ಇತ್ತು.

ಹತ್ತನೇ ದಿನ ನಾವು ಹರುಕಾ ರೈಲಿನಲ್ಲಿ ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಹೋದೆವು. ಅದೂ ಅದೇ ಪಾಸಿನಲ್ಲಿ, ಅದು ನಮ್ಮ ಪಾಸಿನ ಐದನೇ ದಿನ. ಅಕ್ಕ-ಭಾವ ಮಾರನೇ ದಿನ ಹಿಕಾರಿಯಲ್ಲಿ ಟೋಕಿಯೋಗೆ, ಅಲ್ಲಿಂದ ನಾರಿತಾ ಎಕ್ಸ್‌ಪ್ರೆಸ್. ಅದು ಅವರ ಪಾಸಿನ ಏಳನೇ ದಿನ.

ಈಗ ನೋಟ್‌ಬುಕ್ಕಿನ ಕೊನೆಯ ಪುಟ. ಎಲ್ಲ ಒಬ್ಬರಿಗೆ, ಮೊದಲ ನಾಲ್ಕು ದಿನ ಬಿಟ್ಟು.

ನಮ್ಮದು: ನೊಜೊಮಿ 14,200, ಚಿಕ್ಕ ಪಾಸ್ 17,000. ಒಟ್ಟು ಸುಮಾರು 31,200 ಯೆನ್. ಇದೇ ಓಡಾಟಕ್ಕೆ 50 ಸಾವಿರದ ಪಾಸ್ ಕೊಂಡಿದ್ದರೆ ಒಬ್ಬರಿಗೆ ಹತ್ತಿರ ಹತ್ತಿರ 19 ಸಾವಿರ ಯೆನ್ ನಷ್ಟ. ಇಬ್ಬರಿಗೆ ಸೇರಿ ಎರಡು ರಾತ್ರಿಯ ಹೋಟೆಲ್ ಬಾಡಿಗೆಗಿಂತ ಜಾಸ್ತಿ ಉಳಿಯಿತು.

ಅಕ್ಕನದು: ಟೋಕಿಯೋ-ಕ್ಯೋಟೋ ಸುಮಾರು 13,900, ನಾರಾ ಮತ್ತು ಇನಾರಿ 1,700, ಕ್ಯೋಟೋ-ಹಿರೋಶಿಮಾ 11,400ರಷ್ಟು, ಮಿಯಾಜಿಮಾಗೆ ರೈಲು ಮತ್ತು ದೋಣಿ 1,200, ಹಿರೋಶಿಮಾ-ಒಸಾಕಾ ನಡುವೆ ಇಳಿಯದೆ ಬಂದಿದ್ದರೂ 10,400ರಷ್ಟು, ಒಸಾಕಾ-ಟೋಕಿಯೋ 14,400, ನಾರಿತಾ ಎಕ್ಸ್‌ಪ್ರೆಸ್ 3,070. ಎಲ್ಲ ಬಿಡಿಯಾಗಿ ಕೊಂಡಿದ್ದರೆ 56 ಸಾವಿರ ಆಗುತ್ತಿತ್ತು. ಪಾಸ್ 50 ಸಾವಿರ. ಆರು ಸಾವಿರ ಲಾಭ ಅಂತ ಭಾವ ಖುಷಿಪಟ್ಟರು, ಅದು ನಿಜವೇ. ಆದರೆ ಅವರೂ ನಮ್ಮ ಹಾಗೆ ನಡುವಿನ ಐದು ದಿನಕ್ಕೆ ಚಿಕ್ಕ ಪಾಸ್ ಕೊಂಡು, ಹೋಗುವ ಬರುವ ಎರಡು ದೊಡ್ಡ ಪ್ರಯಾಣಕ್ಕೆ ಮತ್ತು ನಾರಿತಾ ಎಕ್ಸ್‌ಪ್ರೆಸ್‌ಗೆ ಬಿಡಿ ಟಿಕೆಟ್ ತೆಗೆದಿದ್ದರೆ? ಸುಮಾರು 48,400 ಯೆನ್. ಬರೀ 1,600ರ ವ್ಯತ್ಯಾಸ. ಇಷ್ಟಕ್ಕೆ ಅಕ್ಕನ ಆಯ್ಕೆ ತಪ್ಪು ಅಂತ ನಾನು ಹೇಳುವುದಿಲ್ಲ. ಒಂದೇ ಪಾಸ್, ಕ್ಯೋಟೋದಲ್ಲೇ ಶಿನ್‌ಕಾನ್ಸೆನ್ ಹತ್ತುವ ಆರಾಮ, ಅಷ್ಟಕ್ಕೆ 1,600 ಕೊಡಬಹುದು.

ಹಾಗಾದರೆ ನಮ್ಮಿಬ್ಬರ ನಡುವೆ ಅಷ್ಟು ದೊಡ್ಡ ಅಂತರ ಎಲ್ಲಿಂದ ಬಂತು? ವಿಮಾನದ ಟಿಕೆಟ್‌ನಿಂದ. ಅವರು ಟೋಕಿಯೋಗೆ ವಾಪಸ್ ಬರಲೇಬೇಕಿತ್ತು, ನಮಗೆ ಬೇಕಿರಲಿಲ್ಲ. ಆ ಒಂದು ವಾಪಸ್ ಪ್ರಯಾಣವೇ 17 ಸಾವಿರಕ್ಕಿಂತ ಜಾಸ್ತಿ. ಪಾಸ್ ಬೇಕಾ ಬೇಡವಾ ಅನ್ನುವುದು ಹೆಚ್ಚು ಕಮ್ಮಿ ವಿಮಾನ ಬುಕ್ ಮಾಡುವ ದಿನವೇ ತೀರ್ಮಾನ ಆಗಿಬಿಡುತ್ತದೆ. ದಯವಿಟ್ಟು ಎರಡನ್ನೂ ಒಟ್ಟಿಗೆ ಯೋಚನೆ ಮಾಡಿ. ಒಂದು ಊರಲ್ಲಿ ಇಳಿದು ಇನ್ನೊಂದು ಊರಿಂದ ಹೊರಡುವ ವಿಮಾನಕ್ಕೆ ಎಷ್ಟಾಗುತ್ತದೆ ಅಂತ ನೋಡದೆ ಪಾಸ್ ಲೆಕ್ಕ ಹಾಕಬೇಡಿ. ಇಲ್ಲಿರುವ ದರಗಳೆಲ್ಲ ನಾವು ಹೋದಾಗಿನವು, ಕೊಳ್ಳುವ ಮುಂಚೆ ಅವತ್ತಿನ ದರ ನೋಡಿಕೊಳ್ಳಿ.

ಇನ್ನೊಂದು. ಹಕೊನೆಯ ಬೆಟ್ಟದ ಪುಟ್ಟ ರೈಲು, ಫುಜಿ ಪಕ್ಕದ ಕವಾಗುಚಿಕೋಗೆ ಹೋಗುವ ಕೊನೆಯ ತುಂಡು, ಇವು ಜೆಆರ್‌ನದಲ್ಲ. 50 ಸಾವಿರದ ಪಾಸ್ ಇದ್ದರೂ ಅಲ್ಲಿ ಬೇರೆ ದುಡ್ಡು ಕೊಡಬೇಕು. ಜಪಾನ್ ರೈಲ್ ಅನ್ನುವ ಹೆಸರು ನೋಡಿ ಎಲ್ಲ ರೈಲೂ ಅದರಲ್ಲಿ ಬಂತು ಅಂದುಕೊಳ್ಳಬೇಡಿ.

ಅಕ್ಕನಿಗೆ ಈಗ ದಕ್ಷಿಣದ ಕ್ಯೂಶು ದ್ವೀಪ ನೋಡುವ ಆಸೆ ಹತ್ತಿದೆ. ಟೋಕಿಯೋದಿಂದ ಆ ದ್ವೀಪದ ಹಕಾತಾ ನಿಲ್ದಾಣಕ್ಕೆ ಒಂದು ಕಡೆಗೇ 23 ಸಾವಿರದ ಮೇಲೆ. ಅಲ್ಲಿಂದ ಕಾಗೊಶಿಮಾ, ದಾರಿಯಲ್ಲಿ ಕುಮಾಮೊತೊ, ಏಳು ದಿನದೊಳಗೆ ಮತ್ತೆ ಟೋಕಿಯೋ. ಆ ಸಲ ನಾನೂ 50 ಸಾವಿರದ ಪಾಸನ್ನೇ ತೆಗೆದುಕೊಳ್ಳುತ್ತೇನೆ. ಇಬ್ಬರೂ ಹಿಕಾರಿಯಲ್ಲೇ ಹೋಗುತ್ತೇವೆ, 'ಇ' ಸೀಟು ಅಕ್ಕನಿಗೆ.